ಕೂದಲೆಳೆಯ ಅಂತರದಲ್ಲಿ ಎಂಜಿನ್ ಆಯುಸ್ಸು

ಮೃಗಶಿರಾ, ಆರಿದ್ರಾ ಮಳೆ ಬಿದ್ದಿತೆಂದರೆ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ರೈತರಿಗೆ ಉಸಿರಾಡಲೂ ಪುರುಸೊತ್ತಿಲ್ಲ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳ ಸಾಲಿನಲ್ಲಿ ಇವೆರಡೂ ಇವೆ. ನೆಲದ ಹಸಿ ಆರುವುದರೊಳಗೆ ಶೇಂಗಾ ಬೀಜ ಮಣ್ಣು ಸೇರಬೇಕು. ಸಿಗುವ ಹದ ನಾಲ್ಕಾರು ದಿನದ್ದು. ಟ್ರ್ಯಾಕ್ಟರಿನ ಎಂಜಿನ್ ಒಳಗಿಂದ 'ಟಕ್ ಟಕ್' ಎಂಬ ಸದ್ದು ಅದೇ ಹೊತ್ತಿಗೆ ಕೇಳಿಸಿದರೆ ರೈತ ತಲೆಯ ಮೇಲೆ ಕೈ ಹೊತ್ತು ಕೂರಬೇಕಾಗುತ್ತದೆ.

ಅನುಭವಿ ಮೆಕಾನಿಕ್ ಆ ಸದ್ದನ್ನು ಕೇಳಿಯೇ ರೋಗವನ್ನು ಊಹಿಸುತ್ತಾನೆ. ಎಂಜಿನ್ ಓಡುತ್ತಿರುವಾಗಲೇ ಒಂದೊಂದೇ ಸಿಲಿಂಡರಿನ ಡೀಸೆಲ್ ಪೈಪಿನ ನಟ್ಟು ಸಡಿಲಿಸುತ್ತಾನೆ. ಯಾವ ಸಿಲಿಂಡರಿಗೆ ಡೀಸೆಲ್ ನಿಂತಾಗ ಸದ್ದು ತಗ್ಗುತ್ತದೋ ಅಲ್ಲಿಯ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಿದೆ ಎಂದು ಅರ್ಥ.

ದೂಳಿನ ಕಾಟ

ಪಿಸ್ಟನ್ನಿನ ಏರಿಳಿತವನ್ನು ಕ್ರ್ಯಾಂಕಿನ ತಿರುಗಾಟವಾಗಿ ಮಾರ್ಪಡಿಸುವುದು ಕನೆಕ್ಟಿಂಗ್ ರಾಡ್. ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗಿದರೆ ಪಿಸ್ಟನ್ 4000 ಸಲ ನಿಂತು ದಿಕ್ಕು ಬದಲಿಸುತ್ತದೆ. ಅಷ್ಟೂ ಏಟು ಬೀಳುವುದು ರಾಡಿನ ದೊಡ್ಡ ಕಣ್ಣಿನಲ್ಲಿರುವ ಎರಡು ಅರೆಬಳೆಗಳ ಮೇಲೆ. ಹಿಂದೆ ಇಲ್ಲಿ ಬಿಳಿಲೋಹವನ್ನು ಎರಕ ಹೊಯ್ಯುತ್ತಿದ್ದರು. ಅಮೆರಿಕದ ಐಸಾಕ್ ಬ್ಯಾಬಿಟ್ 1839ರಲ್ಲಿ ರೂಪಿಸಿದ ಮಿಶ್ರಲೋಹ ಅದು. ಈಗ ಉಕ್ಕಿನ ಬೆನ್ನಿಗೆ ಮೆದು ಲೋಹದ ತೆಳು ಪದರ ಹಚ್ಚಿದ ಸಿದ್ಧ ಬೇರಿಂಗ್‌ಗಳು ದೊರೆಯುತ್ತವೆ.

ಬೇರಿಂಗಿಗೂ ಕ್ರ್ಯಾಂಕಿಗೂ ನಡುವೆ ಇರಬೇಕಾದ ಸಂದು ಕೂದಲೆಳೆಯಷ್ಟು. ಅಲ್ಲಿ ತುಂಬಿದ ಎಣ್ಣೆಯ ಪದರದ ಮೇಲೆ ಕ್ರ್ಯಾಂಕ್ ತೇಲುತ್ತದೆ. ಬಯಲುಸೀಮೆಯ ದೂಳು ಹರಿದ ಏರ್ ಕ್ಲೀನರ್ ದಾಟಿ ಒಳನುಗ್ಗಿದರೆ ಮೊದಲು ಲೈನರ್, ರಿಂಗುಗಳನ್ನು ತಿನ್ನುತ್ತದೆ. ಆಮೇಲೆ ಎಣ್ಣೆಗೆ ಸೇರಿ ಬೇರಿಂಗಿನ ಮೆದು ಲೋಹದಲ್ಲಿ ನಾಟಿಕೊಂಡು ಕ್ರ್ಯಾಂಕನ್ನೇ ಉಜ್ಜುತ್ತದೆ.

ಆತುರ ಬೇಡ

ಬಿಚ್ಚುವುದು ಸುಲಭ, ಜೋಡಿಸುವುದರಲ್ಲಿದೆ ಕಸುಬು. 'ಇವತ್ತೇ ಮಾಡಿಕೊಡಣ್ಣ, ಹದ ಹೋಗುತ್ತೆ' ಎಂದು ರೈತ ಬೆನ್ನು ಬಿದ್ದಾಗಲೇ ಅಡ್ಡದಾರಿಗಳು ನೆನಪಾಗುವುದು. ಬೇರಿಂಗ್ ಸಡಿಲವಾದರೆ ಹಿಂದೆ ಕಾಗದವನ್ನೋ ತಗಡಿನ ಚೂರನ್ನೋ ಇಡುವುದು, ಇಲ್ಲವೇ ರಾಡಿನ ಕ್ಯಾಪಿಗೆ ಅರ ಹಾಕುವುದು. ಅರ ಹಾಕಿದ ಕಣ್ಣು ದುಂಡಗೆ ಉಳಿಯುವುದಿಲ್ಲ. ಬೆನ್ನಿಗೆ ಕಾಗದ ಬಿದ್ದ ಬೇರಿಂಗಿನ ಶಾಖ ಹೊರಗೆ ಹೋಗುವುದಿಲ್ಲ. ಸದ್ದು ಎರಡು ದಿನ ಅಡಗಬಹುದು, ಮೂರನೆಯ ದಿನ ಬೇರಿಂಗ್ ಹಿಡಿದು ರಾಡು ಮುರಿದರೆ ಎಂಜಿನ್ ಬ್ಲಾಕಿಗೇ ತೂತು.

ಸರಿಯಾದ ಕ್ರಮವೇ ಬೇರೆ. ಕ್ರ್ಯಾಂಕ್ ಸವೆದಿದ್ದರೆ ಗ್ರೈಂಡಿಂಗ್ ಮಾಡಿಸಿ 0.25 ಅಥವಾ 0.50 ಮಿ.ಮೀ. ಅಂಡರ್‌ಸೈಜ್ ಬೇರಿಂಗ್ ಹಾಕಬೇಕು. ಗ್ಯಾರೇಜಿನ ಮಾತಿನಲ್ಲಿ ಇವು 'ಹತ್ತು ಥೌ', 'ಇಪ್ಪತ್ತು ಥೌ'. ಕ್ರ್ಯಾಂಕಿನ ಎಣ್ಣೆ ರಂಧ್ರಗಳನ್ನು ಡೀಸೆಲ್‌ನಿಂದ ತೊಳೆದು ಗಾಳಿ ಹೊಡೆಯಬೇಕು. ರಾಡು ಮತ್ತು ಅದರ ಕ್ಯಾಪನ್ನು ಕಾರ್ಖಾನೆಯಲ್ಲಿ ಒಟ್ಟಿಗೇ ಕೊರೆದಿರುತ್ತಾರೆ. ಆದ್ದರಿಂದ ಒಂದರ ಕ್ಯಾಪು ಇನ್ನೊಂದಕ್ಕೆ ಸಲ್ಲದು. ಎರಡರ ಮೇಲಿನ ನಂಬರು ಒಂದೇ ಆಗಿದ್ದು, ಒಂದೇ ಬದಿಗೆ ಬರಬೇಕು. ಬೇರಿಂಗಿನ ಬೆನ್ನು ಒಣಗಿರಬೇಕು, ಹೊಟ್ಟೆಗೆ ಮಾತ್ರ ಎಣ್ಣೆ. ಪಿಸ್ಟನ್ ಇಳಿಸುವಾಗ ರಾಡಿನ ಬೋಲ್ಟುಗಳಿಗೆ ರಬ್ಬರ್ ಕೊಳವೆ ತೊಡಿಸಿದರೆ ಕ್ರ್ಯಾಂಕಿಗೆ ಗೀರು ಬೀಳದು.

ಸಂದನ್ನು ಅಳೆಯಲು ಪ್ಲಾಸ್ಟಿಗೇಜ್ ಎಂಬ ಮೆದು ಎಳೆ ಸಿಗುತ್ತದೆ. ಎಣ್ಣೆ ಹಚ್ಚುವ ಮೊದಲೇ, ಒರೆಸಿದ ಕ್ರ್ಯಾಂಕಿನ ಮೇಲೆ ಅದನ್ನಿಟ್ಟು ಕ್ಯಾಪ್ ಬಿಗಿದು, ತಿರುಗಿಸದೆ ಮತ್ತೆ ಬಿಚ್ಚಿದರೆ ಎಳೆ ಚಪ್ಪಟೆಯಾಗಿರುತ್ತದೆ. ಅದರ ಅಗಲವನ್ನು ಪೊಟ್ಟಣದ ಮೇಲಿನ ಅಳತೆಪಟ್ಟಿಗೆ ಹೋಲಿಸಿದರೆ ಸಂದು ಎಷ್ಟೆಂದು ತಿಳಿಯುತ್ತದೆ.

ಕೊನೆಯ ಪರೀಕ್ಷೆ ಬೋಲ್ಟಿನದು. 'ನನ್ನ ಕೈಯೇ ಅಳತೆ' ಎನ್ನುವವರಿಗೆ ಕೊರತೆಯಿಲ್ಲ. ಆದರೆ ತೋಳಿನ ಬಲ ಬೆಳಿಗ್ಗೆಗೂ ಸಂಜೆಗೂ ಒಂದೇ ಇರುವುದಿಲ್ಲ. ಸಡಿಲವಾದರೂ ಅಪಾಯ, ಮಿತಿ ಮೀರಿ ಎಳೆದರೂ ಅಪಾಯ. ಟಾರ್ಕ್ ರೆಂಚಿನಿಂದ, ಕಂಪನಿ ಹೇಳಿದ ಪ್ರಮಾಣಕ್ಕೆ, ಎರಡೂ ಬದಿ ಸರದಿಯಲ್ಲಿ ಹಂತಹಂತವಾಗಿ ಬಿಗಿಯಬೇಕು. ಒಂದೊಂದು ರಾಡು ಕೂಡಿಸಿದ ಮೇಲೂ ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ ನೋಡಬೇಕು. ಎಲ್ಲಿ ಬಿಗಿ ಎನಿಸಿತೋ ಅದನ್ನು ಅಲ್ಲೇ ಬಿಚ್ಚಬೇಕು.

ಬೇಸಿಗೆಯೇ ಸೂಕ್ತ

ಜೋಡಿಸಿದ ಎಂಜಿನ್ನಿಗೆ ಮೊದಲ ಕೆಲವು ದಿನ ಹಗುರ ಕೆಲಸವೇ ಸಾಕು. ಮೊದಲ ಎಣ್ಣೆಯನ್ನು ಬೇಗ ಬದಲಿಸಬೇಕು. ಬಿತ್ತನೆಯ ನಡುವೆ ಈ ಪಥ್ಯ ನಡೆಯುವುದಿಲ್ಲ. ಆದ್ದರಿಂದ ಶೇಂಗಾ ಕಿತ್ತ ಮೇಲೆ, ತಡವೆಂದರೆ ಯುಗಾದಿಯ ಹೊತ್ತಿಗೆ, ಎಂಜಿನ್ ತೋರಿಸುವುದು ಜಾಣತನ. ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಇಳಿಯತೊಡಗಿದರೆ ಅದೇ ಮುನ್ಸೂಚನೆ. ಬೇಸಿಗೆಯಲ್ಲಿ ಗ್ಯಾರೇಜಿನಲ್ಲಿ ಕಳೆದ ಎರಡು ದಿನ ಮಳೆಗಾಲದಲ್ಲಿ ಇಡೀ ವರ್ಷದ ಬೆಳೆಯನ್ನೇ ಉಳಿಸಬಲ್ಲದು.