ತಗಡಿನ ಉಗಿಬಂಡಿಯ ವಂಶಾವಳಿ

ಮದರಾಸಿನ ಉತ್ತರ ದಿಕ್ಕಿನಲ್ಲಿ, ಎಣ್ಣೆ ಶುದ್ಧೀಕರಣದ ಚಿಮಣಿಗಳೂ ಗೊಬ್ಬರದ ಕಾರ್ಖಾನೆಯ ಗೋಪುರಗಳೂ ಆಕಾಶವನ್ನು ಆಕ್ರಮಿಸಿಕೊಂಡಿರುವ ಮಣಲಿಯಲ್ಲಿ, ಹುಬ್ಬಳ್ಳಿ ಮೂಲದ ನನ್ನ ಮಿತ್ರರೊಬ್ಬರು ನಿವೃತ್ತಿಯ ತರುವಾಯವೂ ನೆಲೆಸಿದ್ದಾರೆ. ಅವರು ಅಟ್ಟವನ್ನು ಬರಿದುಮಾಡುತ್ತಿರಲಾಗಿ, ಟ್ರಂಕೊಂದರ ತಳದಲ್ಲಿ ತಗಡಿನ ಆಟದ ರೈಲೊಂದು ದೊರಕಿತು: ಚಾವಿ ಕೊಡುವ ಎಂಜಿನ್ನು, ಅದರ ಬೆನ್ನಿಗೆ ಕಲ್ಲಿದ್ದಲಿನ ಬಂಡಿ, ಎರಡು ಡಬ್ಬಿಗಳು, ಏಳೆಂಟು ತುಂಡು ಹಳಿ, ಮತ್ತು ಮೂಲೆ ಹರಿದ ರಟ್ಟಿನ ಪೆಟ್ಟಿಗೆ. "ಇದು ಎಷ್ಟು ಬೆಲೆ ಬಾಳಬಹುದು?" ಎಂದರು. ಬೆಲೆಯನ್ನು ಕೇಳುವ ಮೊದಲು ಕುಲಗೋತ್ರವನ್ನು ಕೇಳೋಣವೆಂದು ನಾನು ಭೂತಗನ್ನಡಿಯನ್ನು ತರಿಸಿದೆ.

ಇಂತಹ ಶೋಧನೆಗೆ ಮಣಲಿಯು ಅಪ್ರಶಸ್ತವಾದ ಸ್ಥಳವೇನೂ ಅಲ್ಲ. ಇಲ್ಲಿಂದ ಪಶ್ಚಿಮಕ್ಕಿರುವ ರೆಡ್ ಹಿಲ್ಸ್‌ನಿಂದ ರಸ್ತೆಗೆ ಬೇಕಾದ ಕಲ್ಲನ್ನು ಸಾಗಿಸಲು 1837ರಲ್ಲಿಯೇ ಹಳಿ ಹಾಕಿದ್ದರು. ದಕ್ಷಿಣಕ್ಕಿರುವ ರಾಯಪುರಂ ನಿಲ್ದಾಣದಿಂದ 1856ರ ಜುಲೈ 1ರಂದು ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ಗಾಡಿ ಹೊರಟಿತು.

ಕಲ್ಲಿದ್ದಲಿನ ಬಂಡಿಯ ಪಕ್ಕೆಯಲ್ಲಿ, ಮಾಸಿದ ಕೆಂಪಿನ ಮೇಲೆ ಎಲ್.ಎಂ.ಎಸ್. ಎಂಬ ಮೂರು ಬಂಗಾರದ ಬಣ್ಣದ ಅಕ್ಷರಗಳಿದ್ದವು. ಇಂಗ್ಲೆಂಡಿನಲ್ಲಿ ಚದರಿಹೋಗಿದ್ದ ಅನೇಕ ರೈಲು ಸಂಸ್ಥೆಗಳನ್ನು 1923ರಲ್ಲಿ ನಾಲ್ಕಾಗಿ ಒಗ್ಗೂಡಿಸಿದಾಗ ಹುಟ್ಟಿದ ಲಂಡನ್, ಮಿಡ್‌ಲ್ಯಾಂಡ್ ಮತ್ತು ಸ್ಕಾಟಿಷ್ ಎಂಬ ಸಂಸ್ಥೆಯ ಮುದ್ರೆ ಅದು. ಆದುದರಿಂದ ಈ ಆಟಿಕೆಯು ಅದಕ್ಕೆ ಹಿಂದಿನದಾಗಿರಲಾರದು. 1948ರಲ್ಲಿ ಆ ನಾಲ್ಕೂ ರಾಷ್ಟ್ರದ ಸ್ವತ್ತಾದುವಾದರೂ, ಆಟಿಕೆಯವರು ಹಳೆಯ ಬಣ್ಣವನ್ನು ಒಡನೆಯೇ ಕೈಬಿಡಲಿಲ್ಲವಾಗಿ, ಅಕ್ಷರವು ಕಾಲದ ಒಂದು ದಡವನ್ನು ಮಾತ್ರ ತೋರಿಸುತ್ತದೆ.

ತಯಾರಕನ ಹೆಸರು ಅಷ್ಟು ಕಾಡಲಿಲ್ಲ: ಹಾರ್ನ್‌ಬಿ. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ 1901ರಲ್ಲಿ, ರಂಧ್ರಗಳುಳ್ಳ ಪಟ್ಟಿಗಳನ್ನು ನಟ್ಟು ಬೋಲ್ಟುಗಳಿಂದ ಜೋಡಿಸುವ ಆಟಕ್ಕೆ ಪೇಟೆಂಟು ಪಡೆದನು. ಅದೇ ಮುಂದೆ ಮೆಕ್ಯಾನೊ ಎನಿಸಿತು. 1920ರಲ್ಲಿ ಅವನ ರೈಲುಗಳು ಬಂದುವು. ಮೊದಲ ಎಂಜಿನ್ನುಗಳನ್ನೂ ನಟ್ಟು ಬೋಲ್ಟುಗಳಿಂದಲೇ ಜೋಡಿಸಿದ್ದರು. ನಮ್ಮ ಎಂಜಿನ್ನಿನ ತಗಡನ್ನು ಮಡಿಸಿ ಕಚ್ಚಿಸಿರುವುದನ್ನು ನೋಡಿದರೆ ಅದು ಆ ಮೊದಲ ಬಳಗದ್ದಲ್ಲ. ಇದರ ಬದಲು ಜಿ.ಬಿ.ಎನ್. ಎಂಬ ಮುದ್ರೆಯಿದ್ದರೆ ನ್ಯೂರೆಂಬರ್ಗಿನ ಬಿಂಗ್ ಸಹೋದರರ ಕಡೆಗೂ, ಆಕ್ರಮಿತ ಜಪಾನಿನಲ್ಲಿ ಮಾಡಿದ್ದೆಂಬ ಬರಹವಿದ್ದರೆ ಎರಡನೆಯ ಮಹಾಯುದ್ಧ ಮುಗಿದ ಕೆಲವೇ ವರ್ಷಗಳ ಕಡೆಗೂ ನಾವು ತಿರುಗಬೇಕಾಗುತ್ತಿತ್ತು.

ಹಳಿಗಳೂ ಮಾತಾಡುತ್ತವೆ. ವಿದ್ಯುತ್ತಿನಿಂದ ಓಡುವ ಆ ಕಾಲದ ಹಾರ್ನ್‌ಬಿಗೆ ನಡುವೆ ಮೂರನೆಯದೊಂದು ಹಳಿಯುಂಟು, ಚಾವಿಯದಕ್ಕೆ ಎರಡೇ. ಎರಡರ ನಡುವಣ ಅಂತರ 32 ಮಿಲಿಮೀಟರ್. ಇದು ಇಂಗ್ಲೆಂಡಿನ ಹಳಿಯನ್ನು ಕುಗ್ಗಿಸಿದ ಅಳತೆ. ನಮ್ಮ 1676 ಮಿಲಿಮೀಟರಿನ ಬ್ರಾಡ್‌ಗೇಜನ್ನು ಅದೇ ಪ್ರಮಾಣದಲ್ಲಿ ಕುಗ್ಗಿಸಿದ್ದರೆ 37ನ್ನು ದಾಟುತ್ತಿತ್ತು. ಹುಬ್ಬಳ್ಳಿಯ ಮಕ್ಕಳು ಜಮಖಾನೆಯ ಮೇಲೆ ಓಡಿಸಿದ್ದು ಸರ್ವಾಂಶದಲ್ಲಿಯೂ ಪರದೇಶದ ಗಾಡಿಯನ್ನೇ!

ನನಗೆ ಅತ್ಯಂತ ರುಚಿಸಿದ ಸಾಕ್ಷಿಯೆಂದರೆ ಚಕ್ರಗಳ ರೋಗ. ಎರಡು ಚಕ್ರಗಳು ಊದಿಕೊಂಡು, ಬಿರಿದು, ಮುಟ್ಟಿದರೆ ಒಣಗಿದ ರೊಟ್ಟಿಯಂತೆ ಉದುರುತ್ತಿದ್ದವು. ಎರಕದ ಸತುವಿನಲ್ಲಿ ಸೀಸದ ಲೇಶ ಬೆರೆತರೆ ಲೋಹವು ಒಳಗೊಳಗೇ ಕೊಳೆಯುವುದು. ತೇವದ ಗಾಳಿಯು ಅದನ್ನು ತ್ವರೆಗೊಳಿಸುವುದು. 1930ರ ದಶಕದ ಎರಕದ ಆಟಿಕೆಗಳಲ್ಲಿ ಈ ವ್ಯಾಧಿ ಸಾಮಾನ್ಯ. ಎಣ್ಣೂರಿನ ಕಡೆಯಿಂದ ಬೀಸುವ ಉಪ್ಪುಗಾಳಿಯನ್ನು ಮಿತ್ರರು ಶಪಿಸಿದರು. ನನಗಾದರೋ ಗಾಯವೇ ಜನ್ಮಪತ್ರಿಕೆಯಂತೆ ಕಂಡಿತು. ಹೊಸ ಚಕ್ರ ಹಾಕಿಸಿ, ಬಣ್ಣ ಬಳಿಸಿ, ಥಳಥಳಿಸುವಂತೆ ಮಾಡಬೇಕೆಂಬ ಅವರ ಉತ್ಸಾಹವನ್ನು ತಡೆಯಲು ನಾನು ಪಟ್ಟ ಪಾಡು ಸಾಮಾನ್ಯವಲ್ಲ.

ಪೆಟ್ಟಿಗೆಯ ಚೀಟಿಯ ಅಂಚಿನಲ್ಲಿ ಮುದ್ರಣಾಲಯದವರು ಸಣ್ಣಕ್ಷರಗಳಲ್ಲಿ ತಿಂಗಳನ್ನೂ ವರ್ಷವನ್ನೂ ಹಾಕುವ ವಾಡಿಕೆಯಿತ್ತು. ಇಲ್ಲಿ ತಿಂಗಳು ಹರಿದುಹೋಗಿ 35 ಎಂಬುದಷ್ಟೇ ಉಳಿದಿತ್ತು. ಪೆಟ್ಟಿಗೆಯನ್ನು ಮಾತ್ರ ಕಣ್ಣುಮುಚ್ಚಿ ನಂಬಲಾಗದು. 1985ರಲ್ಲಿ ಬೆಂಕಿಗೆ ಆಹುತಿಯಾದ ಮೂರ್ ಮಾರ್ಕೆಟ್ಟಿನಂತಹ ಹಳೆಸಾಮಾನಿನ ಪೇಟೆಗಳಲ್ಲಿ ಒಂದರ ಪೆಟ್ಟಿಗೆಗೆ ಇನ್ನೊಂದರ ಎಂಜಿನ್ನು ಸೇರುವುದು ಏನು ಮಹಾ? ಆದರೆ ಚಕ್ರವೂ ಚೀಟಿಯೂ ಒಂದೇ ದಶಕವನ್ನು ಹೇಳಿದುದರಿಂದ ನನ್ನ ಶಂಕೆ ತಗ್ಗಿತು.

ಇಷ್ಟರಿಂದ ಲಿವರ್‌ಪೂಲಿನ ಕಥೆ ಮುಗಿಯಿತು. ಅದನ್ನು ಯಾವ ಹಳೆಯ ಕ್ಯಾಟಲಾಗೂ ಹೇಳೀತು. ಹಡಗಿನಿಂದಿಳಿದ ಮೇಲಿನ ಕಥೆಯನ್ನು ಯಾರು ಹೇಳಬೇಕು? ಗ್ವಾಲಿಯರಿನ ಜಯವಿಲಾಸ ಅರಮನೆಯಲ್ಲಿ, ಊಟದ ಮೇಜಿನ ಸುತ್ತ ಮದ್ಯದ ಬುಡ್ಡಿಗಳನ್ನು ಹೊತ್ತು ತಿರುಗುವ ಬೆಳ್ಳಿಯ ರೈಲಿಗೆ ಈ ಚಿಂತೆಯಿಲ್ಲ. ಅದರ ಏಳು ಬಂಡಿಗಳ ಮೇಲೆ ಸಿಂಧಿಯಾ ಎಂಬ ಹೆಸರಿನ ಏಳು ಇಂಗ್ಲಿಷ್ ಅಕ್ಷರಗಳೇ ನಿಂತಿವೆ. ಸಾಧಾರಣ ಮನೆಯ ತಗಡಿಗೆ ಆ ಭಾಗ್ಯವೆಲ್ಲಿಯದು? ಮಿತ್ರರ ಅಜ್ಜನವರು ಮದರಾಸ್ ಮತ್ತು ಸದರ್ನ್ ಮರಾಠಾ ರೈಲ್ವೆಯ ಹುಬ್ಬಳ್ಳಿ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದರು. 1951ರಲ್ಲಿ ಆ ಸಂಸ್ಥೆಯೂ ದಕ್ಷಿಣ ರೈಲ್ವೆಯಲ್ಲಿ ವಿಲೀನವಾಯಿತು. ಅವರು ಮಗನಿಗೆಂದು ತಂದದ್ದಿರಬೇಕೆಂಬುದು ಮಿತ್ರರ ಸಿದ್ಧಾಂತ. ನಾನೂ ಅದನ್ನೇ ಬರೆದುಕೊಂಡಿದ್ದೆ.

ಆಮೇಲೆ ಒಂದು ಡಬ್ಬಿಯನ್ನು ಮಗುಚಿದಾಗ, ಅದರ ಹೊಟ್ಟೆಯ ಮೇಲೆ ಮೊಳೆಯಿಂದ ಗೀಚಿದ 'ಗಂ' ಎಂಬ ಕನ್ನಡಕ್ಷರ ಕಂಡಿತು. ಮಿತ್ರರ ತಂದೆಯ ಹೆಸರಿನಲ್ಲಿ ಗಕಾರವೇ ಇಲ್ಲ. ಹುಬ್ಬಳ್ಳಿಯಲ್ಲಿರುವ, ತೊಂಬತ್ತು ದಾಟಿದ ಸೋದರತ್ತೆಗೆ ಫೋನು ಹೋಯಿತು.

"ಅತ್ಯಾ, ಅಪ್ಪನ ಆಟದ ರೈಲು ಸಿಕ್ಕೇತಿ" ಎಂದರು ಮಿತ್ರರು.

ಅತ್ತ ಕಡೆ ಕ್ಷಣಕಾಲ ಮೌನ. ಅನಂತರ, ಎಂಬತ್ತು ವರ್ಷದ ಮುನಿಸು ಒಮ್ಮೆಲೇ ಹಳಿಯೇರಿ ಬಂದಂತೆ: "ನಿಮ್ಮಪ್ಪಂದು ಅಂತ ಯಾರು ಹೇಳ್ಯಾರೋ? ಅದು ನಂದು."