ನಾಟಕದ ಸ್ಮಶಾನಕ್ಕೆ ಅಗ್ಗದ ಮಂಜು



ಜಟಿಂಗ ರಾಮೇಶ್ವರ ಬೆಟ್ಟದ ಸುತ್ತಿನ ಹಳ್ಳಿಗಳಲ್ಲಿ ನಾಟಕವಾಡುವವರು ಹರಿಶ್ಚಂದ್ರನ ಸ್ಮಶಾನಕ್ಕೆ ಮಂಜು ಬೇಕೆಂದು ಹಸಿ ಹುಲ್ಲಿಗೆ ಬೆಂಕಿ ಹಾಕುವುದುಂಟು. ಬಿಸಿ ಹೊಗೆ ಹಗುರ. ನೆಲದಲ್ಲಿ ನಿಲ್ಲದೆ ಪಾತ್ರಧಾರಿಯ ಮೂಗಿಗೇರುತ್ತದೆ. ಹಾಡು ಹೋಗಿ ಕೆಮ್ಮು ಉಳಿಯುತ್ತದೆ. ದೀವಟಿಗೆಗೆ ರಾಳದ ಪುಡಿ ಎರಚುವ ಹಳೆಯ ಚಮತ್ಕಾರ ರಾಕ್ಷಸನ ಪ್ರವೇಶಕ್ಕೆ ಸರಿಯೇ. ಅದು ಕೊಡುವುದು ಭುಗಿಲು, ಮಂಜಲ್ಲ.

ಹೊಗೆಯನ್ನು ತಣಿಸಿದರೆ ಅದು ಭಾರವಾಗಿ ನೆಲ ಹಿಡಿಯುತ್ತದೆ. ದೊಡ್ಡ ತಗಡಿನ ಡಬ್ಬಿಗೆ ಒಂದು ಬದಿ ಮೇಲೆ, ಎದುರು ಬದಿ ಬುಡದಲ್ಲಿ ಅಂಗೈಯಗಲದ ತೂತು ಮಾಡಿರಿ. ಒಳಗೆ ಐಸ್ ಗಡ್ಡೆಯ ಚೂರುಗಳನ್ನು ಸಡಿಲವಾಗಿ ತುಂಬಿರಿ. ಮಡಕೆಯ ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಆ ಹೊಗೆಯನ್ನು ತಗಡಿನ ಕೊಳವೆಯಿಂದ ಮೇಲಿನ ತೂತಿಗೆ ಬಿಡಿರಿ. ಬೀಸಣಿಗೆಯಿಂದ ಮೆಲ್ಲಗೆ ಗಾಳಿ ಹಾಕಿರಿ. ಬುಡದ ತೂತಿನಿಂದ ಹೊಗೆ ತೆವಳುತ್ತಾ ಹೊರಬರುತ್ತದೆ. ಗಾಳಿ ಬೀಸಿದರೆ ಚದುರುವುದರಿಂದ ರಂಗದ ಮೂರು ಕಡೆ ಮರೆ ಬೇಕು.

ಕೆಲವರು ಬೆಳೆಗೆ ಔಷಧಿ ಹೊಡೆಯುವ ಪಂಪಿನಿಂದ ನೀರು ಚಿಮ್ಮಿಸೋಣವೆನ್ನುತ್ತಾರೆ. ಎಷ್ಟು ತೊಳೆದರೂ ಅದರಲ್ಲಿ ವಿಷದ ಅಂಶ ಉಳಿದಿರಬಹುದು, ಖಂಡಿತ ಕೂಡದು. ಟೈರು, ಸೀಮೆಎಣ್ಣೆ ಸುಡುವುದೂ ಕೂಡದು. ಉಬ್ಬಸವಿದ್ದವರಿಗೆ ಈ ದೃಶ್ಯದ ಪಾತ್ರ ಬೇಡ. ಕೆಂಡದ ಮಡಕೆ ಹುಲ್ಲಿನ ಬಣವೆಯಿಂದ, ಚಪ್ಪರದ ಗರಿಯಿಂದ ದೂರವಿರಲಿ. ಎರಡು ಕೊಡ ನೀರು, ಒದ್ದೆ ಗೋಣಿಚೀಲ ಪರದೆಯ ಹಿಂದಿರಲಿ.