ಬಿಸಿಲ್ಗುದುರೆಯನ್ನು ಬರೆಯುವುದು ಹೇಗೆ?

ಏಪ್ರಿಲ್ ತಿಂಗಳ ಮಧ್ಯಾಹ್ನ ರಾಯಚೂರು ಜಿಲ್ಲೆಯ ಬಳಗಾನೂರಿನಿಂದ ಸಿಂಧನೂರಿನ ಕಡೆಗೆ ಹೊರಟವರು ಒಂದು ನೋಟವನ್ನು ಕಂಡೇ ಇರುತ್ತಾರೆ. ಮುಂದೆ ಡಾಂಬರಿನ ಮೇಲೆ ನೀರು ನಿಂತಿರುತ್ತದೆ. ಎದುರಿನ ಜಾಲಿಮರ ಅದರಲ್ಲಿ ತಲೆಕೆಳಗಾಗಿ ನಡುಗುತ್ತಿರುತ್ತದೆ. ಹತ್ತಿರ ಹೋದರೆ ನೀರಿಲ್ಲ. ಅದು ಇನ್ನಷ್ಟು ಮುಂದಕ್ಕೆ ಓಡಿರುತ್ತದೆ. ಇದಕ್ಕೆ ಬಿಸಿಲ್ಗುದುರೆಯೆಂದು ಹೆಸರಿಟ್ಟ ನಮ್ಮ ಹಿರಿಯರ ಕಣ್ಣು ಬಹಳ ಚುರುಕಾದುದೆಂದೇ ಹೇಳಬೇಕು.

ಕೆಲವು ವರ್ಷಗಳ ಹಿಂದೆ ಕಾಲೇಜಿನ ಗೋಡೆಪತ್ರಿಕೆಗೆ ನಾವು ಈ ವಿಷಯವಾಗಿ ಒಂದು ಲೇಖನ ಬರೆದೆವು. “ಬೆಳಕು ಒಂದು ಮಾಧ್ಯಮದಿಂದ ಮತ್ತೊಂದು ಮಾಧ್ಯಮವನ್ನು ಪ್ರವೇಶಿಸುವಾಗ ವಕ್ರೀಭವನ ಹೊಂದುತ್ತದೆ” ಎಂದು ಅದರ ಆರಂಭ. ಅದರಲ್ಲಿ ತಪ್ಪೇನೂ ಇರಲಿಲ್ಲ. ಒಬ್ಬ ವಿದ್ಯಾರ್ಥಿ ಅರ್ಧ ಓದಿ, “ಸರ್, ಇದು ಪರೀಕ್ಷೆಗೆ ಬರುತ್ತದೆಯೇ?” ಎಂದು ಕೇಳಿದ. ಅದನ್ನಾದರೂ ಸಹಿಸಬಹುದಾಗಿತ್ತು. ಅದೇ ಪತ್ರಿಕೆಗೆ ಬರೆಯುತ್ತಿದ್ದ ನಮ್ಮ ಸಹೋದ್ಯೋಗಿಗಳೂ “ಚೆನ್ನಾಗಿದೆ” ಎಂದು ಹೇಳಿ ಸುಮ್ಮನಾದರು. ಬರೆಯುವ ಇನ್ನೊಬ್ಬನಲ್ಲಿ ಒಂದು ಪ್ರಶ್ನೆಯನ್ನಾಗಲಿ ಒಂದು ಆಕ್ಷೇಪಣೆಯನ್ನಾಗಲಿ ಎಬ್ಬಿಸದ ಲೇಖನ ಬದುಕಿದೆಯೆಂದು ನಂಬುವುದು ಹೇಗೆ?

ಈ ಕಷ್ಟ ನಮ್ಮೊಬ್ಬರದಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶಯ್ಯಂಗಾರ್ಯರೊಡನೆ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಕನ್ನಡದಲ್ಲಿ ಪಾರಿಭಾಷಿಕ ಪದಗಳೇ ನೆಲೆಗೊಂಡಿರದ ಕಾಲವದು. ಪತ್ರಿಕೆ ಹೆಚ್ಚು ಕಾಲ ಬಾಳಲಿಲ್ಲ. ಇಂದು ನಮಗೆ ಪದಗಳ ಕೊರತೆ ಅಷ್ಟಿಲ್ಲ. ಬಹುಶಃ ಅದರಿಂದಲೇ ನಾವು ಪದದಿಂದ ಆರಂಭಿಸುವ ಚಟಕ್ಕೆ ಬಿದ್ದಿದ್ದೇವೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 1860ರ ಕ್ರಿಸ್‌ಮಸ್ ಸಮಯದಲ್ಲಿ ಎಳೆಯರೆದುರು ನಿಂತ ಮೈಕೇಲ್ ಫ್ಯಾರಡೆ ದಹನಕ್ರಿಯೆಯ ವ್ಯಾಖ್ಯೆಯನ್ನು ಹೇಳಹೊರಡಲಿಲ್ಲ. ಅವನು ಆರಿಸಿಕೊಂಡುದು ಒಂದು ಮೇಣದ ಬತ್ತಿಯನ್ನು. ಆರು ಉಪನ್ಯಾಸಗಳು ಅದರ ಜ್ವಾಲೆಯಿಂದಲೇ ಹೊರಟವು. ಮನೆಗೆ ಹೋದ ಮಕ್ಕಳಿಗೆ ಮೇಣದ ಬತ್ತಿಗೇನು ಬರವೇ?

ನಾವು ಲೇಖನವನ್ನು ಹರಿದುಹಾಕಿ ಮತ್ತೆ ಬರೆದೆವು. ಈ ಸಲ ರಸ್ತೆಯೇ ಮೊದಲು ಬಂತು. ಕಾದ ನೆಲಕ್ಕೆ ತಾಗಿದ ಗಾಳಿ ವಿರಳವಾಗಿರುತ್ತದೆ, ಮೇಲಿನ ಗಾಳಿ ಸಾಂದ್ರವಾಗಿರುತ್ತದೆ. ದೂರದ ಆಕಾಶದಿಂದ ಬಹಳ ಓರೆಯಾಗಿ ಇಳಿಯುವ ಕಿರಣ ಈ ಪದರಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬಾಗಿ, ನೆಲವನ್ನು ಮುಟ್ಟುವ ಮೊದಲೇ ಮೇಲೆದ್ದು ನಮ್ಮ ಕಣ್ಣನ್ನು ಸೇರುತ್ತದೆ. ನಾವು ನೀರೆಂದು ತಿಳಿಯುವುದು ನೆಲದಲ್ಲಿ ಕಂಡ ಆಕಾಶವನ್ನು! ವಕ್ರೀಭವನವೆಂಬ ಪದಕ್ಕೆ ಇಲ್ಲಿ ಜಾಗ ಕೊಟ್ಟೆವು. ಯಾರೂ ಅದಕ್ಕೆ ಹೆದರಲಿಲ್ಲ.

ಅನಂತರ ಒಂದು ಲೆಕ್ಕ. ಮೇಲಿನ ಗಾಳಿ 40 ಡಿಗ್ರಿ ಸೆಲ್ಸಿಯಸ್, ಡಾಂಬರಿಗೆ ತಾಗಿದ ಗಾಳಿ 60 ಡಿಗ್ರಿ ಎಂದಿಟ್ಟುಕೊಳ್ಳೋಣ. ಎರಡರ ವಕ್ರೀಭವನಾಂಕಗಳ ಅಂತರ ಕೇವಲ 0.000015ರಷ್ಟು. ಇಷ್ಟು ಅಲ್ಪ ಅಂತರ ಕಿರಣವನ್ನು ಹಿಂದಿರುಗಿಸಬೇಕಾದರೆ ಕಿರಣವು ನೆಲದೊಡನೆ ಮಾಡುವ ಕೋನ ಒಂದು ಡಿಗ್ರಿಯ ಮೂರನೆಯ ಒಂದು ಪಾಲಿಗಿಂತಲೂ ತುಸು ಕಡಮೆಯಾಗಿರಬೇಕು. ಆದಕಾರಣ ಕಣ್ಣು ನೆಲದಿಂದ 150 ಸೆಂಟಿಮೀಟರು ಎತ್ತರದಲ್ಲಿದ್ದರೆ ‘ನೀರು’ ಸುಮಾರು 270 ಮೀಟರಿನಿಂದಾಚೆಗೆ ಮಾತ್ರ ಕಾಣಬೇಕು. ನಾವು ನಡೆದಂತೆ ಅದೂ ಮುಂದೆ ನಡೆಯುವುದು ಇದರಿಂದಲೇ. ಕೊನೆಗೆ ಒಂದು ಪ್ರಶ್ನೆಯನ್ನು ಹಾಗೆಯೇ ಬಿಟ್ಟೆವು: ಕುಕ್ಕರಗಾಲಿನಲ್ಲಿ ಕುಳಿತು ನೋಡಿದರೆ ಏನಾಗುತ್ತದೆ?

ಮರುವಾರ ರಸ್ತೆಯ ಬದಿಯಲ್ಲಿ ಏಳುತ್ತ ಕೂರುತ್ತ ಇದ್ದ ಹುಡುಗರನ್ನು ಕಂಡು ದಾರಿಹೋಕರು ಏನೆಂದುಕೊಂಡರೋ ತಿಳಿಯದು. ಕಣ್ಣು ಕೆಳಗಿಳಿದಂತೆ ನೀರು ಹತ್ತಿರ ಬರುತ್ತದೆ. ಎತ್ತರ ಅರ್ಧವಾದರೆ ದೂರವೂ ಅರ್ಧ. ಇದನ್ನು ಅವರು ತಾವೇ ಕಂಡುಕೊಂಡು ಬಂದರು. ಪುಸ್ತಕದಲ್ಲಿ ಪೂರ್ಣ ಆಂತರಿಕ ಪ್ರತಿಫಲನವೆಂದಿರುವಾಗ ‘ಸ್ವಲ್ಪಸ್ವಲ್ಪವಾಗಿ ಬಾಗುತ್ತದೆ’ ಎಂದು ಬರೆದುದು ಏಕೆಂದು ಸಹೋದ್ಯೋಗಿಯೊಬ್ಬರು ಒಂದು ಪುಟದ ಆಕ್ಷೇಪಣೆ ಬರೆದರು. ಗಾಳಿಯಲ್ಲಿ ಕನ್ನಡಿಯಂತಹ ಗೆರೆಯೇನೂ ಇಲ್ಲ, ಬದಲಾವಣೆ ಕ್ರಮೇಣವಾದುದು ಎಂದು ನಾವು ಉತ್ತರ ಕೊಟ್ಟೆವು. ಅವರಿಗೆ ಇನ್ನೂ ಪೂರ್ತಿ ಸಮಾಧಾನವಾದಂತಿಲ್ಲ. ಮೊದಲ ಲೇಖನಕ್ಕೆ ದೊರೆತ “ಚೆನ್ನಾಗಿದೆ”ಗಿಂತ ಈ ಜಗಳ ನಮಗೆ ಎಷ್ಟೋ ಹಿತವಾಯಿತು.

ಆದರೆ ನಮ್ಮನ್ನು ನಿಜವಾಗಿ ಬೆರಗುಗೊಳಿಸಿದುದು ಒಬ್ಬ ವಿದ್ಯಾರ್ಥಿನಿಯ ಬರಹ. ನಮ್ಮ ಲೇಖನದಲ್ಲಿ ಉಷ್ಣತೆಯಿಂದ ದೂರವನ್ನು ಕಂಡುಹಿಡಿದಿದ್ದೆವಷ್ಟೆ. ಆಕೆ ಅದನ್ನು ತಿರುವುಮುರುವು ಮಾಡಿದಳು. ನೀರಿನ ಅಂಚು ತೋರಿದೆಡೆಗೆ ತಂಗಿಯನ್ನು ಕಳುಹಿಸಿ ನಿಲ್ಲಿಸಿ, ನಡುವಣ ದೂರವನ್ನು ಹಗ್ಗದಿಂದ ಅಳೆದಳು. 270 ಬರಲಿಲ್ಲ, ಬಂದುದು 230 ಮೀಟರು. ಹಾಗಾದರೆ ಡಾಂಬರಿಗೆ ತಾಗಿದ ಗಾಳಿ 60 ಅಲ್ಲ, ಸುಮಾರು 68 ಡಿಗ್ರಿ ಇರಬೇಕೆಂದು ಲೆಕ್ಕ ಹಾಕಿ, ತನ್ನ ಲೇಖನಕ್ಕೆ ‘ಬಿಸಿಲ್ಗುದುರೆಯೇ ಉಷ್ಣತಾಮಾಪಕ’ ಎಂದು ಹೆಸರಿಟ್ಟಳು. ಅಂಚು ನಡುಗುವುದರಿಂದಲೂ ರಸ್ತೆ ಪೂರ್ತಿ ಸಮತಟ್ಟಲ್ಲದ್ದರಿಂದಲೂ ಅಳತೆಯಲ್ಲಿ ಹೆಚ್ಚುಕಡಮೆ ಇರಬಹುದೆಂದು ಕೊನೆಯಲ್ಲಿ ತಾನೇ ಬರೆದಿದ್ದಳು. ಎರೆಹೊಲದ ಮೇಲೆ ಇದೇ ಅಳತೆ ಎಷ್ಟು ಬರುತ್ತದೆಂಬುದನ್ನು ಆಕೆ ಮುಂದಿನವರಿಗೆ ಬಿಟ್ಟಿದ್ದಾಳೆ. ಈ ಬೇಸಗೆಯಲ್ಲಿ ಹಗ್ಗ ಹಿಡಿದು ಹೊರಡಲು ಇಬ್ಬರು ಸಿದ್ಧರಾಗಿದ್ದಾರೆ.